ನಿನ್ನ ತಂತಿ ಬಂತು

ಜೂನ್ 3

ನನ್ನ ಮುದ್ದು ಮುಳುಗಪ್ಪಾ,

ಶಾಲೆಯಲ್ಲಿ ಹೆಡ್‌ಮಿಸ್‌ಗೆ ಬರೆದ ರಜಾಪತ್ರ ಬಿಟ್ಟರೆ ನಾನು ಈವರೆಗೆ ಯಾರಿಗೂ ಪತ್ರ ಬರೆದವಳಲ್ಲ. ಈಗ ನೋಡು, ಪುಟಗಟ್ಟಲೆ ಬರೆಯುವ ಹೆಂಡತಿಯಾಗಿಬಿಟ್ಟಿದ್ದೇನೆ. ನಿಮ್ಮ ಹೂಳೆತ್ತುವ ಹಡಗಿನಲ್ಲಿ ಫೋನ್ ಇರುವುದು ಕ್ಯಾಪ್ಟನ್ ರೂಮಿನಲ್ಲಿ ಒಂದೇ, ಅದರ ಹಿಂದೆ ಇಡೀ ಹಡಗು ಸಾಲುಗಟ್ಟಿ ಕಿವಿ ನಿಮಿರಿಸಿಕೊಂಡು ನಿಂತಿರುತ್ತದೆ ಎಂದು ಯಾರಾದರೂ ಮದುವೆಗೆ ಮುಂಚೆ ಹೇಳಬಾರದಿತ್ತೇ? ಮೊನ್ನೆ ಫೋನಿನಲ್ಲಿ ‘ಹೂಂ, ಸರಿ, ಹೂಂ’ ಎಂದೆಯಲ್ಲ, ಪಂಪ್ ಕಂಪನಿಯ ಗುಮಾಸ್ತನ ಜೊತೆ ಮಾತಾಡಿದ ಹಾಗಿತ್ತು. ಇನ್ನು ಫೋನು ಬೇಡ. ವಾರಕ್ಕೊಮ್ಮೆ ನಿಮಗೆ ತರಕಾರಿ ತರುವ ದೋಣಿಯಲ್ಲೇ ನನ್ನ ಪ್ರೀತಿಯನ್ನೂ ಆಲೂಗಡ್ಡೆ ಮೂಟೆಯ ಮೇಲೆ ಹೇರಿ ಕಳಿಸುತ್ತೇನೆ.

ಮನೆಯಲ್ಲಿ ಎಲ್ಲ ಕ್ಷೇಮ. ನಿನ್ನ ಅಮ್ಮ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದದ್ದು ಕಾಗದದ ಮೇಲೆ ಮಾತ್ರ. ನಾನು ಬೆಳಿಗ್ಗೆ ಈಜು ಕಲಿಸಲು ಪೂಲಿಗೆ ಹೊರಟರೆ ಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಎನ್ನುತ್ತಾರೆ. ನನಗೆ ಅತ್ತೆ ಎಂದರೆ ಭಯವಿತ್ತು, ಈಗ ಅವರಿಲ್ಲದೆ ಕಾಫಿ ಇಳಿಯುವುದಿಲ್ಲ. ಪೂಲಿನಲ್ಲಿ ನಮ್ಮ ಹಿರಿಯ ಕೋಚ್ ಸೀಟಿ ಸರ್ ನನ್ನನ್ನು ದಿನವೂ ರೇಗಿಸುತ್ತಾರೆ. ‘ಮದುವೆ ಆದ್ಮೇಲೆ ನೀನು ಸೀಟಿ ಊದೋದ್ರಲ್ಲೂ ರಾಗ ಬಂದಿದೆ ಕಣಮ್ಮ, ಮಕ್ಕಳು ಈಜೋದು ಬಿಟ್ಟು ತಲೆದೂಗ್ತವೆ’ ಎಂದರು. ಪುಟ್ಟ ಬ್ಯಾಚಿಗೆ ಹೊಸದಾಗಿ ಒಬ್ಬಳು ಸೇರಿದ್ದಾಳೆ, ಕಾಲು ಬಡಿಯುವ ರೀತಿ ನೋಡಿ ಕಪ್ಪೆಮರಿ ಎಂದು ಹೆಸರಿಟ್ಟಿದ್ದೇನೆ. ನೀನು ಕಲಿಯಲು ಬಂದಾಗ ಇದ್ದದ್ದಕ್ಕಿಂತ ಅವಳೇ ವಾಸಿ.

ಆ ದಿನವನ್ನು ಇನ್ನೊಮ್ಮೆ ಹೇಳುತ್ತೇನೆ, ಕೇಳಿಸಿಕೋ. ವರ್ಷಗಟ್ಟಲೆ ಹಡಗಿನಲ್ಲಿ ದುಡಿದೂ ಈಜು ಬಾರದ ಮೆಕ್ಯಾನಿಕ್, ಕಂಪನಿಯವರು ಸರ್ಟಿಫಿಕೇಟ್ ಕೇಳಿದ್ದಕ್ಕೆ ಮುಖ ಸಿಂಡರಿಸಿಕೊಂಡು ಬಂದಿದ್ದ. ತೇಲುವುದನ್ನು ಕಲಿಸಲು ನಾನು ನಿನ್ನ ತಲೆಯನ್ನು ಎರಡು ಅಂಗೈಯಲ್ಲಿ ಹಿಡಿದಿದ್ದೆ. ನೀನು ಕಣ್ಣು ಮುಚ್ಚಿಕೊಂಡು ದೇಹವನ್ನು ಸಡಿಲ ಬಿಟ್ಟೆ. ಆಗ ನನ್ನ ಹೊಟ್ಟೆಯೊಳಗಿನಿಂದ ಏನೋ ಬೆಚ್ಚಗೆ ಎದ್ದು ಗಂಟಲಿನವರೆಗೆ ಏರಿತು. ಎಲ್ಲಿಂದಲೋ ಹೊಸ ಸಿಮೆಂಟಿಗೆ ನೀರು ಹೊಯ್ದ ವಾಸನೆ. ಈ ತಲೆ, ಈ ನೀರು, ಈ ಬೆಳಕು ಎಲ್ಲವನ್ನೂ ನಾನು ಹಿಂದೆಯೇ ಬದುಕಿದ್ದೇನೆ, ಇವನು ನನಗೆ ಮೊದಲಿನಿಂದಲೂ ಗೊತ್ತು ಎಂದು ಖಾತ್ರಿಯಾಯಿತು. ‘ಅಷ್ಟು ಜನರನ್ನ ಬೇಡ ಅಂದೋಳು ಈ ಎಣ್ಣೆ ಮೆತ್ಕೊಂಡ ಮನುಷ್ಯನ್ನ ಹೇಗೇ ಒಪ್ಕೊಂಡೆ?’ ಎಂದು ಅಕ್ಕ ಕೇಳಿದಾಗ ‘ಒಳಗಿಂದ ತಂತಿ ಬಂತು ಕಣೇ’ ಎಂದೆ. ಹಳೇ ಕಾಲದಲ್ಲಿ ಅವಸರದ ಸುದ್ದಿಗೆ ತಂತಿ ಬರುತ್ತಿತ್ತಂತಲ್ಲ, ಹಾಗೆ.

ಈಗ ನೀನು ದೂರ ಹೋದ ಮೇಲೂ ಅದು ಬರುತ್ತಿದೆ. ಗುರುವಾರ ಬೆಳಿಗ್ಗೆ ಮಕ್ಕಳು ನೀರಿನಲ್ಲಿ ಬಾಯಿಟ್ಟು ಗುಳ್ಳೆ ಊದುತ್ತಿದ್ದಾಗ ಬಂತು, ಅದೇ ಬಿಸಿ, ಅದೇ ಸಿಮೆಂಟಿನ ವಾಸನೆ. ಆಗ ನೀನು ನನ್ನನ್ನು ನೆನೆದೆ ತಾನೇ? ಸುಳ್ಳು ಹೇಳಬೇಡ.

ನಿನ್ನ ಮೇಷ್ಟ್ರು


ಜೂನ್ 13

ಮೇಷ್ಟ್ರೇ,

ನನಗೆ ಪತ್ರ ಬರೆದು ರೂಢಿಯಿಲ್ಲ. ರಿಪೇರಿ ವರದಿ ಬರೆದು ರೂಢಿ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು.

ಗುರುವಾರ ಬೆಳಿಗ್ಗೆ ದೊಡ್ಡ ಪಂಪಿನ ಬಾಯಿಗೆ ಒಂದು ಹಳೇ ಟೈರು ಸಿಕ್ಕಿಕೊಂಡಿತ್ತು. ಹೊಳೆಯ ತಳದಲ್ಲಿ ಜನ ಏನೇನು ಎಸೆದಿರುತ್ತಾರೋ ದೇವರಿಗೇ ಗೊತ್ತು. ಪಂಪು ನಿಲ್ಲಿಸಿ, ಒಳಗೆ ಕೈಹಾಕಿ ಅದನ್ನು ಕೀಳುತ್ತಿದ್ದೆ. ಹೌದು, ಆಗ ನಿನ್ನನ್ನೇ ನೆನೆದೆ. ಕಳಿಸಿದ್ದು ನಾನೇ.

ನಿನ್ನ ಪತ್ರವನ್ನು ನಮ್ಮ ಅಡುಗೆಭಟ್ಟ ಆಲೂಗಡ್ಡೆ ಮೂಟೆಯಿಂದ ತೆಗೆದು ಎಲ್ಲರೆದುರು ಮೂಸಿ ನೋಡಿ, ‘ಹೊಸಾ ಹೆಂಡತಿ ಮಾಲು, ಕೆಡೋ ಮುಂಚೆ ಓದ್ಬಿಡಯ್ಯ’ ಎಂದ. ಇಂಜಿನ್ ರೂಮಿನಲ್ಲಿ ಕೂತು ಓದಿದೆ. ಅಲ್ಲಿ ಶಬ್ದ ಎಷ್ಟೆಂದರೆ ನಾನು ನಕ್ಕದ್ದು ಯಾರಿಗೂ ಕೇಳಲಿಲ್ಲ.

ಅಮ್ಮನ ಮಂಡಿನೋವು ಹೇಗಿದೆ, ಬರೆ.

ನಿನ್ನ ಮುಳುಗಪ್ಪ


ಜೂನ್ 22

ನನ್ನ ಬಂಗಾರದ ಮುಳುಗಪ್ಪಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯ ಗೆರೆ ಹರಿಯಲು ಬಂದಿದೆ. ‘ಕಳಿಸಿದ್ದು ನಾನೇ’ ಎಂಬ ಎರಡು ಪದ ಬರೆದೆಯಲ್ಲ, ಅದನ್ನು ಅಕ್ಕನಿಗೂ ತೋರಿಸಿದೆ. ‘ನಿಮ್ಮಿಬ್ರಿಗೂ ತಲೆ ಕೆಟ್ಟಿದೆ’ ಎಂದಳು. ಅವಳ ಗಂಡ, ನಮ್ಮ ಭಾವ, ಪಕ್ಕದ ರೂಮಿನಲ್ಲಿದ್ದರೂ ಅವಳು ಕೂಗಿದ್ದು ಅವರಿಗೆ ತಲುಪುವುದಿಲ್ಲ, ಅವಳಿಗೆ ಹೊಟ್ಟೆಕಿಚ್ಚು ಪಾಪ.

ನೀನೀಗ ತುಂಬಾ ಧಾರಾಳಿಯಾಗಿದ್ದೀಯ. ಈ ವಾರ ದಿನ ಬಿಟ್ಟು ದಿನ ತಂತಿ. ಸೋಮವಾರ ಹಾಲು ಕಾಯಿಸುತ್ತಿದ್ದೆ, ಎಚ್ಚರಾಗುವಷ್ಟರಲ್ಲಿ ಒಲೆ ತುಂಬ ಹಾಲು. ಬುಧವಾರ ಟವೆಲ್ ಹಿಡಿದು ಕೂತಿದ್ದೆ, ನೋಡಿದರೆ ಅದರ ಅಂಚಿನ ದಾರವೆಲ್ಲ ಬಿಚ್ಚಿಟ್ಟಿದ್ದೇನೆ, ಯಾವಾಗ ಬಿಚ್ಚಿದೆನೋ ಗೊತ್ತಿಲ್ಲ. ಅತ್ತೆ ಎದುರಿಗೇ ನಿಂತಿದ್ದರು. ‘ಏನಮ್ಮಾ, ಸ್ಟಾಪ್ ಬಂದ್ರೂ ಇಳೀದೇ ಕೂತಿರೋ ಪ್ಯಾಸೆಂಜರ್ ಥರ ಕೂತಿದ್ದೀಯ. ಎಷ್ಟು ಸಲ ಕೂಗ್ಲಿ? ಬಾಯಲ್ಲಿ ಏನೂ ಇಲ್ದೇ ಚಪ್ಪರಿಸ್ತಿದ್ದೀಯ’ ಎಂದರು. ನಾನು ನಾಚಿ ನೀರಾದೆ. ಏನೆಂದು ಹೇಳಲಿ, ನಿಮ್ಮ ಮಗನ ಜೊತೆ ಇದ್ದೆ ಅತ್ತೆ ಎನ್ನಲೇ?

ಅವರು ಬಿಡಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಒಂದೇ ಹಟ. ಕೊನೆಗೆ ತಂತಿಯ ವಿಷಯವೆಲ್ಲ ಹೇಳಿಬಿಟ್ಟೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ‘ಸರಿ, ಅವನನ್ನೇ ಕೇಳು. ಸೋಮವಾರ ಬೆಳಿಗ್ಗೆ, ಬುಧವಾರ ಸಂಜೆ ಅವನು ನಿನ್ನ ನೆನೆಸ್ಕೊಂಡಿದ್ನಾ ಅಂತ. ಇಲ್ಲ ಅಂದ್ರೆ ಮಾತಾಡದೇ ನನ್ನ ಜೊತೆ ಆಸ್ಪತ್ರೆಗೆ ಬರ್ಬೇಕು’ ಎಂದು ಮಾತು ತೆಗೆದುಕೊಂಡಿದ್ದಾರೆ. ಹಾಗಾಗಿ ಈಗ ಎಲ್ಲ ನಿನ್ನ ಕೈಯಲ್ಲಿದೆ. ಆಸ್ಪತ್ರೆಯ ವಾಸನೆ ಎಂದರೆ ನನಗೆ ಆಗುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಬೇಗ ಹೌದು ಎಂದು ಬರೆದು ನನ್ನನ್ನು ಬಚಾವ್ ಮಾಡು.

ನಿನ್ನವಳು, ನಿನ್ನ ಮೇಷ್ಟ್ರು


ಜುಲೈ 2

ಮೇಷ್ಟ್ರೇ,

ಸೋಮವಾರ ಬೆಳಿಗ್ಗೆ, ಹೌದು. ಬುಧವಾರ ಸಂಜೆ, ಅದೂ ಹೌದು. ಬುಧವಾರ ಪೈಪು ಜೋಡಿಸುವಾಗ ನಿನ್ನ ನೆನಪು ಜೋರಾಗಿತ್ತು, ಅದಕ್ಕೇ ಟವೆಲಿನ ಗತಿ ಹಾಗಾಯಿತು. ಹೊಸ ಟವೆಲ್ ನನ್ನ ಲೆಕ್ಕಕ್ಕೆ.

ಅಮ್ಮನಿಗೆ ಹೇಳು, ಗಾಬರಿಯೇನೂ ಬೇಡ, ಎಲ್ಲ ನನ್ನದೇ ಕಿತಾಪತಿ ಎಂದು. ಅಮ್ಮ ಟಿಕೆಟ್ ಇಲ್ಲದವರನ್ನು ಹಿಡಿದೂ ಹಿಡಿದೂ ಎಲ್ಲರ ಮೇಲೂ ಅನುಮಾನಪಡುವುದನ್ನು ಕಲಿತಿದ್ದಾಳೆ.

ಇಲ್ಲಿ ಕೆಸರು, ಮತ್ತೆ ಕೆಸರು. ನಿನ್ನ ಪತ್ರ ಬರುವ ದಿನ ಮಾತ್ರ ಬೇರೆ ದಿನ.

ನಿನ್ನ ಮುಳುಗಪ್ಪ


ಜುಲೈ 11

ಪ್ರೀತಿಯ ನಿನಗೆ,

ನಿನ್ನ ಪತ್ರ ತಲುಪಿತು. ನಾನು ಆರಾಮಾಗಿದ್ದೇನೆ. ಪೂಲಿನಲ್ಲಿ ನೀರು ಖಾಲಿ ಮಾಡಿ ಹಂಚು ಬದಲಿಸುತ್ತಿದ್ದಾರೆ, ಹಾಗಾಗಿ ಸ್ವಲ್ಪ ದಿನ ರಜೆ. ಅತ್ತೆ ಬಚ್ಚಲುಮನೆಯ ಚಿಲಕ ತೆಗೆಸಿದ್ದಾರೆ, ತುಕ್ಕು ಹಿಡಿದಿತ್ತು. ಅಕ್ಕ ಬಂದು ಎರಡು ದಿನ ಇದ್ದು ಹೋದಳು.

ಏನೂ ವಿಶೇಷವಿಲ್ಲ. ನಿದ್ದೆ ಜಾಸ್ತಿ ಬರುತ್ತದೆ, ಅದಕ್ಕೇ ಚಿಕ್ಕ ಪತ್ರ. ನೀನು ಪಂಪಿನೊಳಗೆ ಕೈಹಾಕುವಾಗ ಹುಷಾರಾಗಿರು.

ನಾನು


ಜುಲೈ 20

ಮೇಷ್ಟ್ರೇ,

ಪತ್ರದಲ್ಲಿ ಮುಳುಗಪ್ಪ ಇರಲಿಲ್ಲ. ತಂತಿಯ ಮಾತೂ ಇರಲಿಲ್ಲ. ಅಡುಗೆಭಟ್ಟ ಮೂಸಿ, ‘ಈ ಸಲದ್ದಕ್ಕೆ ಘಮವಿಲ್ಲ’ ಎಂದ. ನಾನೇನಾದರೂ ತಪ್ಪು ಬರೆದೆನೇ? ಟವೆಲಿನ ಜೋಕು ಹಿಡಿಸಲಿಲ್ಲವೇ?

ಅಥವಾ ಎಷ್ಟೋ ದಿನದಿಂದ ತಂತಿ ಬಂದಿಲ್ಲವೆಂದು ಮುನಿಸೋ? ಹಾಗಿದ್ದರೆ ಈ ಸಲ ನಾನೇ ಮೊದಲು ಹೇಳುತ್ತೇನೆ. ಶನಿವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಲೆ ಹೋಗಿ, ನಮ್ಮೂರಿನ ದಿಕ್ಕಿಗೆ ಮುಖಮಾಡಿ ನಿಂತೆ. ನಿನ್ನನ್ನೇ ನೆನೆದೆ, ಬೇರೇನೂ ಅಲ್ಲ. ಊಟ ತಣ್ಣಗಾಯಿತು. ಅಷ್ಟು ದೊಡ್ಡದು ಕಳಿಸಿದ್ದೇನೆ, ಬಂದಿರಲೇಬೇಕು. ಬಂತೇ?

ನಿನ್ನ ಮುಳುಗಪ್ಪ


ಜುಲೈ 29

ಮುಳುಗಪ್ಪಾ,

ಬಂತು. ಶನಿವಾರ ಮಧ್ಯಾಹ್ನವೇ ಬಂತು. ತುಂಬಾ ದೊಡ್ಡದಿತ್ತು.

ಊಟ ಬಿಡಬೇಡ.

ನಿನ್ನ ಮೇಷ್ಟ್ರು


ಆಗಸ್ಟ್ 9

ನಿನಗೆ,

ಹೋದ ಪತ್ರದಲ್ಲಿ ಬರೆದದ್ದು ಸುಳ್ಳು. ಶನಿವಾರ ಮಧ್ಯಾಹ್ನ ನನಗೇನೂ ಬರಲಿಲ್ಲ. ಇನ್ನು ಮುಂದೆ ಬರುವುದೂ ಇಲ್ಲ, ಬರದ ಹಾಗೆ ಮಾಡಲು ಮಾತ್ರೆ ಕೊಟ್ಟಿದ್ದಾರೆ. ಪೂಲಿನ ಹಂಚೂ ಸುಳ್ಳು. ಕೂತುಕೋ, ಪೂರ್ತಿ ಹೇಳುತ್ತೇನೆ.

ಜುಲೈ ಮೊದಲ ವಾರದ ಕೊನೆ, ನಿನ್ನ ‘ಹೌದು’ ಕೈಸೇರಿದ ಮಾರನೇ ದಿನ, ಪುಟ್ಟ ಬ್ಯಾಚು. ಮಕ್ಕಳು ಗೋಡೆಯ ಅಂಚು ಹಿಡಿದು ಕಾಲು ಬಡಿಯುತ್ತಿದ್ದರು. ನಾನು ಸೊಂಟದ ಮಟ್ಟದ ನೀರಿನಲ್ಲಿ ಕಪ್ಪೆಮರಿಯ ಪಕ್ಕದಲ್ಲೇ ನಿಂತಿದ್ದೆ. ಹೊಟ್ಟೆಯಲ್ಲಿ ಬೆಚ್ಚಗಾಯಿತು. ಸಿಮೆಂಟಿನ ವಾಸನೆ ಬಂತು. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ಮುಂದಿನ ನೆನಪು ಎಂದರೆ ಸೀಟಿ ಸರ್ ಬೂಟು ಸಮೇತ ನೀರಿನಲ್ಲಿದ್ದಾರೆ, ಅವರ ಭುಜದ ಮೇಲೆ ಕಪ್ಪೆಮರಿ ಕೆಮ್ಮುತ್ತಿದೆ. ಅವಳ ಕೈ ಅಂಚಿನಿಂದ ಜಾರಿತ್ತು. ನನ್ನ ತೋಳಿಗೆ ಎಟುಕುವಷ್ಟು ಹತ್ತಿರದಲ್ಲಿ ಮುಳುಗಿದ್ದಳು. ನಾನು ಅವಳ ಕಡೆಗೇ ನೋಡುತ್ತಾ, ಸೀಟಿಯ ದಾರವನ್ನು ಬೆರಳಿನಲ್ಲಿ ಹೊಸೆಯುತ್ತಾ ನಿಂತಿದ್ದೆನಂತೆ. ಉಳಿದ ಮಕ್ಕಳು ನಾನು ಆಟ ಆಡಿಸುತ್ತಿದ್ದೇನೆ ಎಂದುಕೊಂಡವಂತೆ. ಅವಳಿಗೆ ಏನೂ ಆಗಲಿಲ್ಲ, ಸಂಜೆಗೆ ಬಿಸ್ಕತ್ತು ತಿನ್ನುತ್ತಿದ್ದಳು. ಆದರೆ ಅವಳ ಅಮ್ಮ ನನ್ನ ಮುಂದೆ ನಿಂತು, ಬೈಯದೆ, ಮೆಲ್ಲಗೆ, ‘ಮೇಡಂ, ನೀವು ನೋಡ್ತಾನೇ ಇದ್ರಲ್ಲಾ’ ಎಂದರು.

ನಾನು ನೋಡುತ್ತಿರಲಿಲ್ಲ, ನಿನ್ನ ತಂತಿ ಬರುತ್ತಿತ್ತು. ಆ ಮಗು ನೀರು ಕುಡಿಯುತ್ತಿದ್ದ ಹೊತ್ತಿನಲ್ಲಿ ನಾನು ಸುಖವಾಗಿದ್ದೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳಿಲ್ಲ.

ಸೀಟಿ ಸರ್ ಒದ್ದೆ ಬೂಟಿನಲ್ಲೇ ನನ್ನನ್ನು ಮನೆಗೆ ಕರೆತಂದು ಅತ್ತೆಗೆ ಒಪ್ಪಿಸಿದರು. ಅತ್ತೆ ‘ನಾನು ಹೇಳಿದ್ನಾ’ ಎನ್ನಲಿಲ್ಲ. ಸೀರೆ ಬದಲಿಸಿ, ಚೀಲ ತೆಗೆದುಕೊಂಡು ‘ನಡಿ’ ಎಂದರು.

ನರರೋಗದ ಡಾಕ್ಟರ್ ನನ್ನ ಅಕ್ಕನ ವಯಸ್ಸಿನವರು. ‘ಆಗೋ ಮುಂಚೆ ಏನನ್ಸುತ್ತೆ?’ ಎಂದು ಕೇಳಿದರು. ನನಗೆ ಹೇಳಲು ನಾಚಿಕೆಯಾಯಿತು. ಹೊಟ್ಟೆಯಲ್ಲಿ, ಎಂದು ಶುರು ಮಾಡಿದೆ. ಅವರು ಬರೆದುಕೊಳ್ಳುತ್ತಲೇ ಮುಗಿಸಿದರು, ‘ಹೊಟ್ಟೆಯಿಂದ ಮೇಲಕ್ಕೆ ಏನೋ ಏರುತ್ತೆ ಅಲ್ವಾ? ಎಲ್ಲಾ ಮುಂಚೆನೇ ನಡೆದಿದೆ ಅನ್ಸುತ್ತೆ. ಏನಾದ್ರೂ ವಾಸನೆ ಬರುತ್ತಾ?’ ನಮ್ಮಿಬ್ಬರದು ಮಾತ್ರ ಎಂದುಕೊಂಡದ್ದನ್ನು ಅವರು ದಿನಸಿ ಚೀಟಿ ಓದಿದ ಹಾಗೆ ಓದಿದರು. ನನ್ನ ಹಿಂದೆ ಕಾಯುತ್ತಿದ್ದವರಲ್ಲೂ ಯಾರಿಗೋ ಅದೇ ಬೆಚ್ಚನೆಯದು, ಅದೇ ವಾಸನೆ ಇದ್ದಿರಬಹುದು.

ತಲೆ ತುಂಬ ಬಿಲ್ಲೆ ಅಂಟಿಸಿ ಪರೀಕ್ಷೆ ಮಾಡಿದರು. ಸ್ಕ್ಯಾನ್ ಮಾಡಿದರು. ಕಿವಿಯ ಒಳಬದಿಗೆ, ಮಿದುಳಿನಲ್ಲಿ ಒಂದು ಸಣ್ಣ ಗಾಯದ ಗುರುತು ಇದೆಯಂತೆ, ಚಿಕ್ಕವಳಿದ್ದಾಗಿನ ಜ್ವರದ್ದಿರಬಹುದು. ಅಲ್ಲಿ ಆಗಾಗ ವಿದ್ಯುತ್ತು ಗಲಾಟೆ ಮಾಡುತ್ತದಂತೆ. ಪಾರ್ಶಿಯಲ್ ಸೀಜರ್ಸ್. ‘ಹಾಗಂದ್ರೆ ಫಿಟ್ಸಾ ಡಾಕ್ಟರ್? ಫಿಟ್ಸ್ ಅಂದ್ರೆ ಬಿದ್ದು ಒದ್ದಾಡೋದಲ್ವಾ?’ ಎಂದೆ. ‘ಎಲ್ಲಾ ಫಿಟ್ಸೂ ಬೀಳಿಸಲ್ಲಮ್ಮ, ಕೆಲವು ನಿಂತಲ್ಲೇ ನಿಲ್ಲಿಸಿಬಿಡ್ತವೆ’ ಎಂದರು. ಅತ್ತೆ, ‘ಎಷ್ಟು ದಿನದಿಂದ ಇರ್ಬಹುದು?’ ಎಂದು ಕೇಳಿದರು. ಮೊದಲ ಸಲ ಯಾವಾಗ ಆಯಿತೆಂದು ಡಾಕ್ಟರ್ ನನ್ನ ಮುಖ ನೋಡಿದರು.

ನಾನು ಅವರಿಗೆ ನಿನ್ನ ತಲೆ ನನ್ನ ಅಂಗೈಯಲ್ಲಿದ್ದ ದಿನವನ್ನು ಹೇಳಬೇಕಾಯಿತು. ಅವರು ತಿಂಗಳು, ವರ್ಷ ಬರೆದುಕೊಂಡರು.

ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಮೊದಲು ಅರ್ಧದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸುತ್ತಿದ್ದಾರೆ. ನಾವಾಗಿ ನಿಲ್ಲಿಸುವಂತಿಲ್ಲ. ತಲೆ ಭಾರ, ನಡೆದರೆ ನೆಲ ಒಂದು ಕಡೆ ವಾಲಿದ ಹಾಗೆ. ಗೊತ್ತಿರುವ ಪದ ನಾಲಿಗೆಗೆ ಬರುವುದಿಲ್ಲ, ಮೊನ್ನೆ ಸೌಟು ಎನ್ನಲು ಬಾರದೆ ಅತ್ತೆಯ ಮುಂದೆ ಕೈ ಆಡಿಸಿದೆ. ನೀರಿಗೆ ಒಬ್ಬಳೇ ಇಳಿಯುವಂತಿಲ್ಲ. ಚಿಲಕ ಹಾಕಿ ಸ್ನಾನ ಮಾಡುವಂತಿಲ್ಲ. ಮಕ್ಕಳಿಗೆ ಕಲಿಸುವುದಂತೂ ಸದ್ಯಕ್ಕೆ ಇಲ್ಲ.

ನೀನು ‘ಹೌದು’ ಎಂದು ಬರೆದಿದ್ದೆಯಲ್ಲ, ಸೋಮವಾರವೂ ಹೌದು, ಬುಧವಾರವೂ ಹೌದು. ಅಷ್ಟನ್ನು ಮಾತ್ರ ಹೇಳು. ನಿಜವಾಗಿಯೂ ಹೌದಾಗಿತ್ತೇ? ಹೌದು ಎಂದರೆ ಡಾಕ್ಟರ್ ಹೇಳಿದ್ದರಲ್ಲಿ ಒಂದಿಷ್ಟಾದರೂ ತಪ್ಪಿದೆ ಎಂದು ನಂಬಿಕೊಳ್ಳುತ್ತೇನೆ.

ನಾನು


ಆಗಸ್ಟ್ 20

ಮೇಷ್ಟ್ರೇ,

ಇಲ್ಲ.

ಈ ಪದ ಬರೆಯಲು ಎರಡು ದಿನ ಹಿಡಿಯಿತು. ದೋಣಿ ಹೊರಡುವ ಹೊತ್ತಾಯಿತು, ಇನ್ನು ಮುಂದೂಡಿದರೆ ಇನ್ನೊಂದು ವಾರ ನೀನು ಕಾಯಬೇಕು.

ಟೈರು ಸಿಕ್ಕಿದ್ದು ನಿಜ. ಆದರೆ ಅದನ್ನು ಕೀಳುವಾಗ ನನ್ನ ಕೈ ಪಂಪಿನ ರೆಕ್ಕೆಗಳ ನಡುವೆ ಇತ್ತು. ಆಗ ನನ್ನ ತಲೆಯಲ್ಲಿ ಇದ್ದದ್ದು ಆ ಕೈ ಒಂದೇ. ಸೋಮವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಮಲಗಿದ್ದೆ, ಕನಸೂ ಇರಲಿಲ್ಲ. ಬುಧವಾರ ಸಂಜೆ ಪೈಪು ಜೋಡಿಸಿದ್ದೂ ಸುಳ್ಳು. ಅಡುಗೆಭಟ್ಟನ ಜೊತೆ ಇಸ್ಪೀಟು ಆಡುತ್ತಿದ್ದೆ, ಸೋಲುತ್ತಿದ್ದೆ.

ನೀನು ಅಷ್ಟು ಸಂತೋಷವಾಗಿ ಕೇಳಿದ್ದೆ. ನಾನು ಹೌದು ಎಂದರೆ ಆ ಸಂತೋಷ ಇನ್ನೊಂದು ವಾರ ಇರುತ್ತದೆ ಎಂದುಕೊಂಡೆ. ನನ್ನಂಥವನನ್ನು ಯಾರೂ ಅಷ್ಟು ದೂರದಿಂದ ಹಾಗೆ ಹಚ್ಚಿಕೊಂಡವರಿರಲಿಲ್ಲ. ನಿನ್ನ ಅಕ್ಕ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ, ಈ ಎಣ್ಣೆ ಮೆತ್ತಿದವನಲ್ಲಿ ಏನು ಕಂಡೆ ಎಂದು. ನನಗೂ ಗೊತ್ತಿರಲಿಲ್ಲ. ನೀನು ತಂತಿ ಎಂದೆ. ಸರಿ, ಏನೋ ಒಂದು ಇದೆಯಲ್ಲ, ಅದನ್ನು ಕೆದಕಬಾರದು ಎಂದುಕೊಂಡೆ. ಇಲ್ಲ ಎಂದು ಬರೆದರೆ ನನ್ನನ್ನು ಮದುವೆಯಾಗಲು ಇದ್ದ ಕಾರಣವನ್ನೇ ನಾನು ಕಿತ್ತುಹಾಕಿದ ಹಾಗಾಗುತ್ತಿತ್ತು.

ಅಮ್ಮ ನಿನ್ನಿಂದ ಮಾತು ತೆಗೆದುಕೊಂಡದ್ದನ್ನು ಓದಿಯೂ ಹೌದು ಎಂದೆ. ಒಂದು ಇಲ್ಲ ಬರೆದಿದ್ದರೆ ನೀನು ಆ ವಾರವೇ ಆಸ್ಪತ್ರೆಗೆ ಹೋಗುತ್ತಿದ್ದೆ. ಆ ಮಗು ನೀರು ಕುಡಿಯುತ್ತಿರಲಿಲ್ಲ. ಪಂಪಿನಲ್ಲಿ ಶಬ್ದ ಬದಲಾದರೆ ನಾನು ಮೊದಲು ಮಾಡುವ ಕೆಲಸ ಅದನ್ನು ನಿಲ್ಲಿಸಿ, ತೆರೆದು ನೋಡುವುದು. ನಿನ್ನ ವಿಷಯದಲ್ಲಿ ಅದು ಹಾಡು ಎಂದುಕೊಂಡು ಕೇಳುತ್ತಾ ಕೂತೆ.

ಕ್ಯಾಪ್ಟನ್ ರಜೆ ಕೊಡುತ್ತೇನೆ ಎಂದಿದ್ದಾರೆ. ಬಂದುಬಿಡಲೇ?

ಮೂಟೆಯಿಂದ ನಿನ್ನ ಪತ್ರ ತೆಗೆದ ಅಡುಗೆಭಟ್ಟ ಈ ಸಲ ಮೂಸಲಿಲ್ಲ. ನನ್ನ ಮುಖ ನೋಡಿ ಹಾಗೇ ಕೊಟ್ಟ.

ನಾನು


ಸೆಪ್ಟೆಂಬರ್ 1

ನಿನಗೆ,

ಬರಬೇಡ. ಈಗಲೇ ಬರಬೇಡ.

ಕೋಪವಿಲ್ಲ ಎಂದು ಬರೆಯಲು ಕೂತಿದ್ದೆ, ಅದೂ ಸುಳ್ಳಾಗುತ್ತದೆ. ನಿನ್ನ ‘ಇಲ್ಲ’ ಓದಿ ಪತ್ರವನ್ನು ಅಕ್ಕಿಡಬ್ಬದ ಅಡಿಗೆ ತುರುಕಿದೆ. ಆಮೇಲೆ ತೆಗೆದು ಇಸ್ತ್ರಿ ಮಾಡಿದೆ. ಅತ್ತೆಗೂ ತೋರಿಸಿದೆ, ಅವರಿಗೆ ಗೊತ್ತಾಗಬೇಕಿತ್ತು. ಓದಿ ಮುಗಿಸಿ ಕನ್ನಡಕ ತೆಗೆದು, ‘ಚಿಕ್ಕೋನಾಗಿದ್ದಾಗ್ಲೂ ಹೀಗೇ. ಸಾರು ಕೆಟ್ಟಿದ್ರೂ ಚೆನ್ನಾಗಿದೆ ಅಂತ ಕುಡಿದು ವಾಂತಿ ಮಾಡ್ಕೊಳ್ತಿದ್ದ’ ಎಂದರು. ನಾವಿಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವರು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ನನ್ನ ಹೆದರಿಕೆ ಏನೆಂದು ಹೇಳುತ್ತೇನೆ. ನೀನು ಬಂದೆ ಎಂದಿಟ್ಟುಕೋ. ಬಾಗಿಲು ತೆರೆದೆ. ನಿನ್ನನ್ನು ನೋಡಿದೆ. ಏನೂ ಆಗಲಿಲ್ಲ. ಆಗೇನು ಮಾಡಲಿ? ಬೇರೆ ಹೆಂಗಸರು ಗಂಡನನ್ನು ಹೇಗೆ ಪ್ರೀತಿಸುತ್ತಾರೆ ಎಂದು ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಅದಕ್ಕೆ ಬೆಳಿಗ್ಗೆ ಒಂದು ರಾತ್ರಿ ಒಂದು ಬೀಗ ಹಾಕುತ್ತಿದ್ದೇನೆ. ನಮ್ಮ ಮದುವೆಯ ದಿನ ನಿನ್ನ ಕೈ ಹಿಡಿದಾಗಲೂ ಅದು ಬಂದಿತ್ತು. ನಾನು ಅತ್ತಿದ್ದೆ. ಅಳುವಷ್ಟು ಸುಖಿ ಎಂದು ಎಲ್ಲರೂ ಹೇಳಿದರು. ಈಗ ಆ ಫೋಟೋ ನೋಡಿದರೆ ಅದರಲ್ಲಿ ಎಷ್ಟು ನಾನು, ಎಷ್ಟು ಆ ಗಾಯದ ಗುರುತು ಎಂದು ಬಿಡಿಸಲಾಗುತ್ತಿಲ್ಲ.

ಹೋದ ವಾರ ಒಂದು ಕೆಲಸ ಮಾಡಿದೆ. ಬೆಳಗಿನ ಮಾತ್ರೆಯನ್ನು ನುಂಗದೆ ನಾಲಿಗೆಯಡಿ ಇಟ್ಟುಕೊಂಡು ಕಿಟಕಿಯ ಬಳಿ ಕೂತೆ. ಒಂದೇ ಒಂದು ಸಲ ಬಂದು ಹೋಗಲಿ, ಕೊನೆಯದನ್ನು ನೋಡಿಕೊಂಡು ಬಿಟ್ಟುಬಿಡುತ್ತೇನೆ ಎಂದುಕೊಂಡೆ. ಮಾತ್ರೆ ಕರಗಿ ಬಾಯೆಲ್ಲ ಕಹಿ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀರಿನ ಲೋಟ ತಂದು ಪಕ್ಕದಲ್ಲಿಟ್ಟು, ‘ಆ ಮಗು ಅಮ್ಮ ಬಂದಿದ್ರು. ಮೇಡಂ ಹೇಗಿದ್ದಾರೆ ಅಂತ ಕಪ್ಪೆಮರಿ ದಿನಾ ಕೇಳುತ್ತಂತೆ’ ಎಂದರು. ನುಂಗಿದೆ.

ಸೀಟಿ ಸರ್ ಹೇಳಿಕಳಿಸಿದ್ದರಿಂದ ಪೂಲಿಗೆ ಹೋಗಿಬಂದೆ. ನೀರಿಗಲ್ಲ. ದಡದಲ್ಲಿ ಬೆಂಚಿನ ಮೇಲೆ ಮಕ್ಕಳನ್ನು ಬೋರಲು ಮಲಗಿಸಿ ಕೈಕಾಲು ಆಡಿಸುವುದನ್ನು ಹೇಳಿಕೊಡಬಹುದಂತೆ. ಒಣ ಮೇಷ್ಟ್ರು. ನೀರಿನ ವಾಸನೆ ಬಂತು, ಬರೀ ಕ್ಲೋರಿನ್ನಿನದು.

ನೀನು ಮಾಡಬೇಕಾದದ್ದು ಒಂದಿದೆ. ಇನ್ನು ನನ್ನನ್ನು ಸಂತೋಷಪಡಿಸಬೇಡ. ಇದ್ದದ್ದನ್ನು ಇದ್ದ ಹಾಗೆ ಬರೆ. ನಿನ್ನ ರಿಪೇರಿ ವರದಿಯ ಹಾಗೆ.

ನಾನು


ಸೆಪ್ಟೆಂಬರ್ 11

ಮೇಷ್ಟ್ರೇ,

ಇದ್ದದ್ದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಇಡೀ ದಿನ ನಿನ್ನ ನೆನಪಾಗಲಿಲ್ಲ. ಪೈಪು ಒಡೆದಿತ್ತು, ಎಲ್ಲರೂ ಕುತ್ತಿಗೆಯವರೆಗೆ ಕೆಸರಿನಲ್ಲಿದ್ದೆವು. ಮಲಗುವಾಗಲೂ ಆಗಲಿಲ್ಲ, ನಿದ್ದೆ ಬಂದುಬಿಟ್ಟಿತು.

ಶನಿವಾರ ನೆನಪಾಯಿತು, ಆದರೆ ಕೋಪದಲ್ಲಿ. ಬರಬೇಡ ಎಂದೆಯಲ್ಲ, ಅದಕ್ಕೆ. ನಾನು ಯಾರು ಇವಳಿಗೆ ಎಂದುಕೊಂಡೆ.

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಎದುರಿನವನು ಜಗ್ಗನ್ನು ಮೇಲೆತ್ತಿ ಲೋಟಕ್ಕೆ ನೀರು ಸುರಿದ. ನೀನು ಹಾಗೇ ಸುರಿಯುತ್ತೀಯ, ಸುತ್ತ ಎಲ್ಲ ಚೆಲ್ಲುತ್ತೀಯ, ಈಜು ಕಲಿಸುವವಳಿಗೆ ಲೋಟದಲ್ಲಿ ನೀರು ಹಿಡಿಸುವುದು ಬಾರದು ಎಂದು ಅಮ್ಮ ನಗುತ್ತಾಳೆ. ಆಗ ನೆನಪಾದೆ. ಊಟ ಮುಗಿಯುವವರೆಗೆ ನೀನು ತಲೆಯಲ್ಲೇ ಇದ್ದೆ. ತಟ್ಟೆ ತೊಳೆಯುವಾಗಲೂ ಇದ್ದೆ. ಹೊಟ್ಟೆಯಲ್ಲಿ ಬಿಸಿ ಗಿಸಿ ಏನೂ ಆಗಲಿಲ್ಲ, ನನಗೆ ಯಾವತ್ತೂ ಹಾಗೆ ಆದದ್ದೇ ಇಲ್ಲ. ನಿನ್ನ ತಲೆಸುತ್ತು ಕಡಿಮೆಯಾಯಿತೋ ಇಲ್ಲವೋ ಎಂಬ ಯೋಚನೆ ಅಷ್ಟೇ. ನನ್ನದು ಇಷ್ಟೇ ಇರುವುದು. ಮೊದಲೇ ಹೇಳಬೇಕಿತ್ತು.

ಸೆಪ್ಟೆಂಬರ್ ಕೊನೆಗೆ ಹಡಗಿನ ಪಾಳಿ ಬದಲಾಗುತ್ತದೆ. ನನ್ನನ್ನು ಕೇಳದೆಯೇ ಇಳಿಸುತ್ತಾರೆ. ಮನೆಗೆ ಬರಬೇಡ ಎಂದರೆ ನಿನ್ನ ಭಾವನ ಹತ್ತಿರ ಇರುತ್ತೇನೆ, ಅವರಿಗೆ ನಾನು ಕೂಗಿದ್ದೂ ಕೇಳಿಸುವುದಿಲ್ಲ. ಇದು ಜೋಕು. ಉಳಿದದ್ದು ಅಲ್ಲ.

ನಾನು


ಸೆಪ್ಟೆಂಬರ್ 22

ಮುಳುಗಪ್ಪಾ,

ಭಾನುವಾರ ರಾತ್ರಿ ಊಟದ ಹೊತ್ತಿಗೆ ನಾನು ಅತ್ತೆಯ ಜೊತೆ ಒಗೆದ ಬಟ್ಟೆ ಮಡಿಸುತ್ತಿದ್ದೆ. ಬೆಡ್‌ಶೀಟಿನ ಆ ತುದಿ ಅವರು, ಈ ತುದಿ ನಾನು. ಏನೂ ಬರಲಿಲ್ಲ. ಹಸಿವಾಗಿತ್ತು, ಅಷ್ಟೇ. ನಿನ್ನ ಪತ್ರ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ, ಮತ್ತೆ ಮತ್ತೆ ನೋಡಿದೆ. ನೀನು ತಟ್ಟೆ ತೊಳೆಯುವವರೆಗೂ ನನ್ನನ್ನು ನೆನೆದೆ, ಇಲ್ಲಿ ಒಂದು ಕೂದಲೂ ಅಲುಗಲಿಲ್ಲ. ಅದನ್ನು ಓದಿ ಬಹಳ ಅತ್ತುಬಿಟ್ಟೆ. ಈ ಅಳುವಿಗೆ ಯಾವ ವಾಸನೆಯೂ ಇರಲಿಲ್ಲ.

ಮಾತ್ರೆಯನ್ನು ಪೂರ್ತಿ ಪ್ರಮಾಣಕ್ಕೆ ಏರಿಸಿದ್ದಾರೆ. ಹೊಂದಿಕೊಳ್ಳುತ್ತಿದೆ. ಸೌಟು ಎನ್ನಲು ಬರುತ್ತದೆ. ಅತ್ತೆ ಬೆಳಿಗ್ಗೆ ಮಾತ್ರೆ ಕೈಗಿತ್ತು, ನಾನು ನುಂಗಿದ ಮೇಲೆ ‘ರೈಟ್’ ಎನ್ನುತ್ತಾರೆ.

ಈಗೀಗ ಮನೆ ತುಂಬಾ ನಿಶ್ಶಬ್ದ. ಹೊರಗಿನದಲ್ಲ, ನನ್ನೊಳಗಿನದು. ಯಾರೋ ದಿನವೂ ಬಾಗಿಲು ತಟ್ಟುತ್ತಿದ್ದರು, ತಟ್ಟುತ್ತಿದ್ದದ್ದು ನೀನಲ್ಲ ಎಂದು ಗೊತ್ತಾಗಿದೆ. ಆದರೂ ಒಂದೊಂದು ಸಲ ಗುರುವಾರ ಬೆಳಿಗ್ಗೆ ಬೆಂಚಿನ ಪಕ್ಕದಲ್ಲಿ ನಿಂತು ಕಾಯುತ್ತೇನೆ. ಆ ಸಿಮೆಂಟಿನ ವಾಸನೆಗೆ ನಾನು ಎಷ್ಟು ಆಸೆಪಡುತ್ತೇನೆ ಎಂದು ಡಾಕ್ಟರಿಗೆ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ, ಸಂತೋಷಪಡಿಸಲು ಅಲ್ಲ.

ನೀರಿಗೆ ಇಳಿಯಬೇಕಾದರೆ ಈಜು ಬಲ್ಲವರು ಒಬ್ಬರು ಕೈಗೆಟುಕುವ ಹಾಗೆ ಪಕ್ಕದಲ್ಲಿರಬೇಕಂತೆ. ಸೀಟಿ ಸರ್‌ಗೆ ಮಂಗಳವಾರ ಬಿಡುವಿದೆ, ಅವರನ್ನೇ ಕೇಳಿದ್ದೇನೆ. ನೀನು ದಡದಲ್ಲಿ ಕೂತು ನೋಡಬಹುದು. ನಿನ್ನ ಸರ್ಟಿಫಿಕೇಟಿಗೆ ಸಹಿ ಹಾಕಿದವಳು ನಾನೇ, ಆ ಸಹಿ ಹಾಕಿದಾಗ ನನ್ನ ತಲೆ ಎಲ್ಲಿತ್ತೆಂದು ಈಗ ಗೊತ್ತಾಗಿದೆಯಲ್ಲ. ನಿನಗೆ ಮೊದಲಿನಿಂದ ಕಲಿಸಬೇಕು.

ಭಾವನ ಮನೆ ಬೇಡ. ನೀನು ಬರುವ ದಿನ ದೋಣಿ ನಿಲ್ಲುವ ದಕ್ಕೆಗೆ ನಾನೇ ಬರುತ್ತೇನೆ. ನಿನ್ನನ್ನು ಕಂಡಾಗ ಏನೂ ಆಗದಿರಬಹುದು. ನನ್ನ ಮುಖ ಮುಖದ ಹಾಗೇ ಇರಬಹುದು, ಅದನ್ನು ನೋಡಿ ನಿನಗೆ ನೋವಾಗಬಹುದು. ಆದರೂ ಬಾ. ಆ ದೊಡ್ಡ ಬ್ಯಾಗನ್ನು ಯಾವಾಗಲೂ ನೀನೊಬ್ಬನೇ ಎರಡು ಕೈಯಲ್ಲಿ ಎತ್ತಿಕೊಳ್ಳುತ್ತೀಯ. ಈ ಸಲ ಒಂದು ಹಿಡಿಯನ್ನು ನನಗೆ ಬಿಡು.

ಮೇಷ್ಟ್ರು